ಇನ್ನೂರ ಹನ್ನೆರಡನೆಯ ಪುಟದ ನೀರು

ಲಿನ್‌ಕೌ ಊರಿನಲ್ಲಿ ಕ್ವಾಂಗ್ ಷಿಹೆಂಗ್ ಅಂದರೆ ಯಾರೆಂದು ತಟ್ಟನೆ ಯಾರಿಗೂ ಹೊಳೆಯುವುದಿಲ್ಲ. ನೀರು ಮೇಷ್ಟ್ರು ಅನ್ನಿ, ಸೊಪ್ಪು ಮಾರುವವಳೂ ಮನೆಯ ಬಾಗಿಲವರೆಗೆ ಬಿಟ್ಟುಬರುತ್ತಾಳೆ. ಊರಿಗೆ ಹೊಸಬರು ಈ ಹೆಸರು ಕೇಳಿ, ಇವರು ನೀರು ಸರಬರಾಜಿನ ಕಚೇರಿಯವರಿರಬೇಕು ಎಂದುಕೊಂಡು, ಕೊಳಾಯಿ ಸೋರುತ್ತಿದೆ ಎಂದು ದೂರು ಹೇಳಲು ಬಂದದ್ದೂ ಉಂಟು. ಮೇಷ್ಟ್ರು ಅವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಕೂರಿಸಿ, ಲೋಟ ತುಂಬ ಬಿಸಿನೀರು ಕೊಟ್ಟು, ಇಂಗ್ಲಿಷಿನಲ್ಲಿ ನೀರು ಎಂಬ ಪದಕ್ಕೆ ಏಳು ಅರ್ಥಗಳಿವೆ ಎಂದು ವಿವರಿಸಿಯೇ ಕಳಿಸುತ್ತಿದ್ದರು. ಕೊಳಾಯಿ ಸೋರುತ್ತಲೇ ಇರುತ್ತಿತ್ತು.

ಏಳು ಅರ್ಥಗಳೂ ಅವರವೇ. ಅಂದರೆ, ಇಂಗ್ಲಿಷರು ಅವನ್ನು ಬಹಳ ಹಿಂದಿನಿಂದ ಬಳಸುತ್ತಿದ್ದರು, ನಿಜ. ಆದರೆ ಚೀನೀ ಮಕ್ಕಳಿಗೆ ಅವನ್ನು ಒಂದೊಂದಾಗಿ ಬಿಡಿಸಿ, ಉದಾಹರಣೆ ಕೊಟ್ಟು, ನಿಘಂಟಿನ ಒಂದೂಕಾಲು ಕಾಲಮ್ಮಿನಲ್ಲಿ ಕೂರಿಸಿದವರು ಕ್ವಾಂಗ್ ಮೇಷ್ಟ್ರು. ಎಪ್ಪತ್ತನಾಲ್ಕರಿಂದ ಎಪ್ಪತ್ತೆಂಟರವರೆಗೆ ಪ್ರಾಂತ್ಯದ ರಾಜಧಾನಿಯಲ್ಲಿ ಕಲಿಯುವವರಿಗೆಂದು ಒಂದು ಇಂಗ್ಲಿಷ್–ಚೀನೀ ನಿಘಂಟು ತಯಾರಾಯಿತು. ಜಿಲ್ಲೆ ಜಿಲ್ಲೆಗಳಿಂದ ಇಂಗ್ಲಿಷ್ ಮೇಷ್ಟ್ರುಗಳನ್ನು ಆರಿಸಿ ತಂದು, ಹಳೆಯ ಗೋದಾಮೊಂದರಲ್ಲಿ ಮೇಜು ಹಾಕಿ ಕೂರಿಸಿದರು. ಪದಗಳನ್ನು ಪಡಿತರದಂತೆ ಹಂಚಿದರು. ‘ಹೆಂಗಸು’ ಸಿಕ್ಕಿದವನು ಆರು ತಿಂಗಳು ಎಲ್ಲರ ಬಾಯಿಗೆ ಎಲೆಯಡಿಕೆಯಾದ. ‘ಗೋಡೆ’ ಸಿಕ್ಕಿದವನು ಮಾತೇ ನಿಲ್ಲಿಸಿದ. ಕ್ವಾಂಗ್ ಮೇಷ್ಟ್ರಿಗೆ ನೀರು ಬಂತು. ಬೇರೆ ಇನ್ನೂರು ಚಿಲ್ಲರೆ ಪದಗಳೂ ಬಂದವು, ಆದರೆ ಅವನ್ನು ಅವರು ಯಾರೆದುರೂ ಹೇಳುತ್ತಿರಲಿಲ್ಲ. ಗಂಗೆಯನ್ನು ತಲೆಯ ಮೇಲೆ ಹೊತ್ತವನು ಸೊಂಟದ ಹಗ್ಗದ ಮಾತಾಡುತ್ತಾನೆಯೇ?

ನೀರು ಸುಲಭದ ಪದ ಎಂದು ಯಾರಾದರೂ ಅಂದರೆ ಮೇಷ್ಟ್ರಿಗೆ ಕೆಂಡದಂಥ ಕೋಪ. ನಮ್ಮ ಮಕ್ಕಳ ಕಷ್ಟ ಅವರಿಗೆ ಗೊತ್ತಿತ್ತು. ಇಂಗ್ಲಿಷಿನಲ್ಲಿ ನೀರನ್ನು ಎಣಿಸಬಾರದು, ಆದರೆ ದೇಶದ ಗಡಿಯೊಳಗಿನ ಕಡಲಾದರೆ ಬಹುವಚನ ಹಚ್ಚಬೇಕು. ಬುಗ್ಗೆಯ ನೀರು ಕುಡಿದು ರೋಗ ಕಳೆದುಕೊಳ್ಳಲು ಹೋದರೂ ಬಹುವಚನ. ಉಬ್ಬರ ಇಳಿತಕ್ಕೂ ನೀರೇ, ಕಣ್ಣಲ್ಲಿ ಬರುವುದಕ್ಕೂ ನೀರೇ. ಎಲ್ಲಕ್ಕಿಂತ ಪೇಚು ಏಳನೆಯ ಅರ್ಥದ್ದು: ಇಂಗ್ಲಿಷಿನವನು ‘ಬಿಸಿನೀರಲ್ಲಿ ಇದ್ದೇನೆ’ ಅಂದರೆ ತೊಂದರೆಗೆ ಸಿಕ್ಕಿಕೊಂಡಿದ್ದೇನೆ ಅಂತ. ಜ್ವರಕ್ಕೆ ಬಿಸಿನೀರು, ಹೊಟ್ಟೆನೋವಿಗೆ ಬಿಸಿನೀರು, ಗಂಡ ಹೆಂಡಿರ ಜಗಳಕ್ಕೂ ಒಂದು ಲೋಟ ಬಿಸಿನೀರು ಎಂದು ಬೆಳೆದ ಲಿನ್‌ಕೌ ಮಕ್ಕಳು ಇದನ್ನು ನಂಬುತ್ತಲೇ ಇರಲಿಲ್ಲ. “ಮೇಷ್ಟ್ರೇ, ಅದು ತಣ್ಣೀರು ಇರಬೇಕು, ನೀವು ತಪ್ಪಾಗಿ ಬರ್ಕೊಂಡಿದೀರ” ಎಂದು ಹುಡುಗಿಯೊಬ್ಬಳು ಅಂದಿದ್ದಳು. ಮೇಷ್ಟ್ರು ಅವಳನ್ನು ಆ ವರ್ಷವೆಲ್ಲ ಕ್ಷಮಿಸಲಿಲ್ಲ.

ನಿಘಂಟು ಎಂಬತ್ತರಲ್ಲಿ ಹೊರಬಂತು. ಮೊದಲ ಪುಟದಲ್ಲಿ ನಲವತ್ತಾರು ಹೆಸರುಗಳು. ಮೂವತ್ತೊಂದನೆಯದು ಕ್ವಾಂಗ್ ಷಿಹೆಂಗ್, ಮೂವತ್ತೆರಡನೆಯದು ಯಿನ್ ಬೋಲಿನ್.

ಯಿನ್ ಬೋಲಿನ್ ಕೂಡ ಲಿನ್‌ಕೌ ಶಾಲೆಯವರೇ, ಪಕ್ಕದ ಕಟ್ಟಡದಲ್ಲೇ ಮನೆ. ನಿಘಂಟಿನಲ್ಲಿ ಅವರದು ಪದ ಬರೆಯುವ ಕೆಲಸವಲ್ಲ, ತಾಳೆ ನೋಡುವ ಕೆಲಸ. ಬರೆದವನು ಒಂದೊಂದು ಉದಾಹರಣೆ ವಾಕ್ಯವನ್ನೂ ಒಂದೊಂದು ಕಾರ್ಡಿನಲ್ಲಿ ಬರೆದು, ಕೆಳಗೆ ಯಾವ ಪುಸ್ತಕ, ಯಾವ ಪುಟ ಎಂದು ಹಾಕಬೇಕು. ತಾಳೆಯವನು ಆ ಪುಸ್ತಕ ತೆರೆದು, ಆ ಪುಟ ನೋಡಿ, ‘ನೋಡಿದ್ದೇನೆ, ಸರಿಯಿದೆ’ ಎಂದು ಸಹಿ ಹಾಕಬೇಕು. ಸ್ವಂತ ವಾಕ್ಯ ಕಟ್ಟುವುದು ಮಹಾಪರಾಧ. ಗೋದಾಮಿನ ಗೋಡೆಯ ಮೇಲೆ ಅದನ್ನು ಕೆಂಪಕ್ಷರದಲ್ಲಿ ಬರೆದಿತ್ತು. ಪ್ರಧಾನ ಸಂಪಾದಕರು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: “ನೀವು ಕಟ್ಟಿದ ಇಂಗ್ಲಿಷ್ ವಾಕ್ಯದಿಂದ ಬೆಳ್ಳುಳ್ಳಿ ವಾಸನೆ ಬರುತ್ತೆ. ಇಂಗ್ಲಿಷರು ಬರೆದದ್ದನ್ನೇ ತನ್ನಿ.”

ಈ ತಾಳೆಯ ಕೆಲಸ ಯಿನ್ ಬೋಲಿನ್‌ರ ಮೈಗೆ ಹತ್ತಿಬಿಟ್ಟಿತು. ನಿವೃತ್ತರಾದ ಮೇಲೂ ಕಿವಿಯ ಮೇಲೆ ಕೆಂಪು ಪೆನ್ಸಿಲು. ಪತ್ರಿಕೆ ತಿದ್ದುವರು, ಶ್ಯಾವಿಗೆ ಅಂಗಡಿಯ ಫಲಕ ತಿದ್ದುವರು, ಮದುವೆ ಮನೆಯ ಬಾಗಿಲಿಗೆ ಅಂಟಿಸಿದ ಕೆಂಪು ಕಾಗದದ ಶುಭನುಡಿಯನ್ನೂ ತಿದ್ದಿ ಬೈಸಿಕೊಂಡು ಬರುವರು. ಹೆಂಡತಿ ತೀರಿಕೊಂಡಾಗ, ಊರಿನ ವಾಡಿಕೆಯಂತೆ, ಹಿಂದಿನ ಗುಡ್ಡದಲ್ಲಿ ಇಬ್ಬರಿಗೂ ಸೇರಿಸಿ ಗೋರಿ ಕಟ್ಟಿಸಿದರು. ಕಲ್ಲಿನ ಮೇಲೆ ಆಕೆಯ ಹೆಸರು ಕಪ್ಪಿನಲ್ಲಿ, ಪಕ್ಕದಲ್ಲಿ ತಮ್ಮದು ಬದುಕಿರುವವರ ಹೆಸರಿಗೆ ತುಂಬುವ ಕೆಂಪಿನಲ್ಲಿ. ತಮ್ಮ ಹೆಸರಿನ ಮೇಲೆ ಇನ್ನೊಂದು ಸಾಲು ಕೆತ್ತಿಸಿದರು: ‘ನಿಘಂಟು ಪರಿಶೀಲಕ’. ತಿಂಗಳಿಗೊಮ್ಮೆ ಗುಡ್ಡ ಹತ್ತಿ, ಅಕ್ಷರಗಳು ಸರಿಯಿವೆಯೇ ಎಂದು ನೋಡಿಕೊಂಡು ಬರುತ್ತಿದ್ದರು. ಕಲ್ಲಿನಲ್ಲಿ ಕೆತ್ತಿದ್ದು ತಾನಾಗಿ ತಪ್ಪಾಗುತ್ತದೆಯೇ ಎಂದು ಕೇಳಿದರೆ, “ತಪ್ಪು ಅನ್ನೋದು ಗೆದ್ದಲು ಇದ್ದಹಾಗೆ ಕಣಯ್ಯ, ನೋಡದೇ ಬಿಟ್ಟಲ್ಲಿ ಹತ್ತುತ್ತೆ” ಅನ್ನುವರು.

ತೊಂಬತ್ತೇಳರ ಶರತ್ಕಾಲದಲ್ಲಿ, ನದಿಗೋಡೆಯ ಮೇಲೆ ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ, ಕ್ವಾಂಗ್ ಮೇಷ್ಟ್ರಿಗೆ ಪ್ರಕಾಶನದಿಂದ ಒಂದು ದಪ್ಪ ಲಕೋಟೆ ಬಂತು. ಅಂಚೆಯವನು ಕೊಟ್ಟದ್ದನ್ನು ಅವರು ಅಲ್ಲೇ ಒಡೆಯಲಿಲ್ಲ. ಓಣಿಯ ಆ ತುದಿಯಿಂದ ಈ ತುದಿಯವರೆಗೆ ಕೈಯಲ್ಲಿ ಹಿಡಿದು, ಎಲ್ಲರಿಗೂ ಮುದ್ರೆ ಕಾಣುವ ಹಾಗೆ, ನಿಧಾನವಾಗಿ ನಡೆದು ಬಂದರು. ಮನೆಯಲ್ಲಿ ಕನ್ನಡಕ ಹಾಕಿಕೊಂಡು ಓದಿದ ಮೇಲೆ, ಯಾಕಾದರೂ ಹಾಗೆ ನಡೆದೆನೋ ಎನಿಸಿತು.

ಬರೆದಿದ್ದವಳು ಝುವಾಂಗ್ ಎಂಬ ಸಂಪಾದಕಿ. ನಿಘಂಟಿನ ಹೊಸ ಆವೃತ್ತಿ ಬರುತ್ತಿದೆ, ಹಳೆಯ ಕಾರ್ಡುಗಳನ್ನೆಲ್ಲ ಮತ್ತೆ ತಾಳೆ ನೋಡುತ್ತಿದ್ದೇವೆ. ನೀರು ಪದದ ಮೊದಲ ಅರ್ಥಕ್ಕೆ ತಾವು ಕೊಟ್ಟ ಒಂದು ವಾಕ್ಯ ಹೀಗಿದೆ: ‘ಪ್ರತಿ ಸಂಜೆ ಅವಳು ಅವನ ಕಾಲಿಗೆಂದು ನೀರು ಬಿಸಿಯಾಗಿಡುತ್ತಾಳೆ.’ ಮೂಲ: ರಟ್ಟು ಕಳೆದ, ಹಸಿರು ದಾರದಲ್ಲಿ ಹೊಲಿದ ಕಾದಂಬರಿ, ಪುಟ ೨೧೨. ಆ ಪುಸ್ತಕ ನಮ್ಮ ಉಗ್ರಾಣದಲ್ಲಿ ಸಿಕ್ಕಿದೆ. ಅದರ ಕೊನೆ ಹರಿದುಹೋಗಿ, ೧೯೮ನೆಯ ಪುಟಕ್ಕೇ ಮುಗಿದಿದೆ. ಅಲ್ಲದೆ, ಇಂಗ್ಲೆಂಡಿನಲ್ಲಿ ಯಾರೂ ದಿನಾ ಸಂಜೆ ಕಾಲು ತೊಳೆಯುವುದನ್ನು ನಾವು ಓದಿಲ್ಲ. ಉಳಿದ ಹಾಳೆಗಳು ತಮ್ಮಲ್ಲಿದ್ದರೆ ನಕಲು ಕಳಿಸಿ. ಇಲ್ಲವಾದರೆ, ಬರೆದವರೂ ತಾಳೆ ನೋಡಿದವರೂ ಇಬ್ಬರೂ ಸಹಿ ಮಾಡಿ ವಿವರಣೆ ಕೊಡಿ. ಸುಳ್ಳು ಕಾರ್ಡೆಂದು ಖಚಿತವಾದರೆ ನಿಯಮದಂತೆ ಇಬ್ಬರ ಹೆಸರನ್ನೂ ಪಟ್ಟಿಯಿಂದ ತೆಗೆಯಬೇಕಾಗುತ್ತದೆ. ತಮ್ಮ ಆರೋಗ್ಯ ಕ್ಷೇಮವೆಂದು ನಂಬುತ್ತೇನೆ.

ಕ್ವಾಂಗ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಹಾಕಿಕೊಂಡರೂ ಕಾಗದದಲ್ಲಿ ಅದೇ ಇತ್ತು.

ಆ ವಾಕ್ಯ ಎಲ್ಲಿಂದ ಬಂತೆಂದು ಅವರಿಗೆ ಚೆನ್ನಾಗಿ ನೆನಪಿತ್ತು. ಎಪ್ಪತ್ತೇಳರ ಹೊಸವರ್ಷದ ಹಬ್ಬಕ್ಕೆ ರಜೆ ಇಲ್ಲವೆಂದರು. ಡಬ್ಲ್ಯೂ ಅಕ್ಷರವನ್ನು ಹಬ್ಬದೊಳಗೆ ಮುಗಿಸಿ ಮೇಲಿನವರಿಗೆ ಕಾಣಿಕೆ ಕೊಡಬೇಕೆಂದು ಯಾರೋ ಒಬ್ಬರು ಸಭೆಯಲ್ಲಿ ಎದ್ದು ಮಾತು ಕೊಟ್ಟಿದ್ದರು. ಗೋದಾಮಿನಲ್ಲಿ ಒಲೆಯಿಲ್ಲ. ಕಾಲ್ಬೆರಳುಗಳು ಚಳಿಗೆ ಬಾತು ಬದನೆಕಾಯಿಯಂತಾಗಿದ್ದವು. ಊಟದ ಮನೆಯಲ್ಲಿ ಎಲೆಕೋಸು, ಮತ್ತೆ ಎಲೆಕೋಸು. ನೀರಿಗೆ ಇನ್ನೊಂದು ವಾಕ್ಯ ಬೇಕಿತ್ತು. ಎಷ್ಟು ಪುಸ್ತಕ ಮಗುಚಿದರೂ ಇಂಗ್ಲಿಷರು ನೀರನ್ನು ಗಾಜಿನ ಲೋಟದಲ್ಲಿ ತಣ್ಣಗೇ ಕುಡಿಯುತ್ತಿದ್ದರು. ಓದಿದರೇ ನಡುಕ ಬರುತ್ತಿತ್ತು. ಆಗ ಅವರ ಪೆನ್ನು, ಯಾರನ್ನೂ ಕೇಳದೆ, ಆ ವಾಕ್ಯ ಬರೆಯಿತು. ಬರೆದ ಮೇಲೆ ಮೂಲ ಹಾಕಬೇಕಲ್ಲ? ಕಪಾಟಿನಲ್ಲಿ ರಟ್ಟಿಲ್ಲದ, ಹಸಿರು ದಾರದ ಕಾದಂಬರಿಯೊಂದಿತ್ತು. ನೂರ ತೊಂಬತ್ತೆಂಟಕ್ಕೆ ಹರಿದಿತ್ತು. ಇರುವ ಪುಟ ಹಾಕಿದರೆ ಸಿಕ್ಕಿಬೀಳುತ್ತೇನೆ, ಇಲ್ಲದ ಪುಟ ಹಾಕಿದರೆ ಯಾರು ಹುಡುಕುತ್ತಾರೆ ಎಂಬ ಬುದ್ಧಿ ಆ ಚಳಿಯಲ್ಲೂ ಓಡಿತು. ಇನ್ನೂರ ಹನ್ನೆರಡು ಎಂದು ಹಾಕಿದರು. ಮಾರನೆಯ ದಿನ ಕಾರ್ಡು ಹಿಂದೆ ಬಂದಾಗ ಯಿನ್ ಬೋಲಿನ್‌ರ ಸಹಿ ಅದರ ಮೇಲಿತ್ತು: ನೋಡಿದ್ದೇನೆ, ಸರಿಯಿದೆ.

ಇಪ್ಪತ್ತು ವರ್ಷ ಅದನ್ನು ಅವರು ಯಾರಲ್ಲೂ ಎತ್ತಿರಲಿಲ್ಲ. ಯಿನ್ ಬೋಲಿನ್ ನೋಡಿದ್ದು ಏನನ್ನು ಎಂದು ಕೇಳಲು ಧೈರ್ಯವೂ ಇರಲಿಲ್ಲ.

ಮಧ್ಯಾಹ್ನ ನದಿಗೋಡೆಯ ಹತ್ತಿರ ಇಬ್ಬರೂ ದಿನದಂತೆ ಚದುರಂಗಕ್ಕೆ ಕೂತರು. ಚೀನೀ ಚದುರಂಗದಲ್ಲಿ ಫಿರಂಗಿ ಎಂಬ ಕಾಯಿಯುಂಟು; ಮೇಷ್ಟ್ರು ಮೂರು ನಡೆಯಲ್ಲಿ ಅದನ್ನು ಕಳೆದುಕೊಂಡರು.

“ಏನ್ ಲಾವೊ ಕ್ವಾಂಗ್, ನಿದ್ದೆ ಮಾಡ್ತಿದೀಯೋ, ಇಲ್ಲ ನನ್ನ ಮೇಲೆ ಕನಿಕರ ಬಂತೋ?” ಲಾವೊ ಅಂದರೆ ಹಳಬ; ಸಲಿಗೆಯವರು ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ.

ಮೇಷ್ಟ್ರು ಲಕೋಟೆ ಕೊಟ್ಟರು. ಯಿನ್ ಬೋಲಿನ್ ಅದನ್ನು ಎರಡು ಸಲ ಓದಿದರು. ಮೊದಲ ಸಲ ಓದುವಾಗ ಕಿವಿಯ ಮೇಲಿನ ಪೆನ್ಸಿಲು ತೆಗೆದು ಸಂಪಾದಕಿಯ ಒಂದು ಅಕ್ಷರ ತಿದ್ದಿದರು. ಎರಡನೆಯ ಸಲ ಪೆನ್ಸಿಲು ಗಾಳಿಯಲ್ಲೇ ನಿಂತಿತು.

“ಸುಳ್ಳು ಕಾರ್ಡು ಅಂತಾಳಾ ಈ ಹುಡುಗಿ? ನನ್ನ ಸಹಿ ಇರೋ ಕಾರ್ಡನ್ನ?”

“ಪುಟ ಇಲ್ವಂತೆ.”

“ಯಾಕಿಲ್ಲ? ನಾನೇ ನೋಡಿದೀನಲ್ಲ! ಎಡಗಡೆ ಪುಟ. ಕೆಳಗಿಂದ ನಾಲ್ಕನೇ ಸಾಲು. ಪಕ್ಕದಲ್ಲಿ ಟೀ ಚೆಲ್ಲಿದ ಕಲೆ ಇತ್ತು. ಕಣ್ಣಿಗೆ ಕಟ್ಟಿದ ಹಾಗಿದೆ.”

ಕ್ವಾಂಗ್ ಮೇಷ್ಟ್ರು ಅವರ ಮುಖವನ್ನೇ ನೋಡಿದರು. ಗೆಳೆಯ ಸುಳ್ಳು ಹೇಳುತ್ತಿದ್ದರೆ ಸಹಿಸಬಹುದಿತ್ತು. ಆದರೆ ಯಿನ್ ಬೋಲಿನ್‌ರ ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಇಲ್ಲದ ಪುಟದ ಮೇಲಿನ ಟೀ ಕಲೆ ಅವರಿಗೆ ನಿಜವಾಗಿಯೂ ಕಾಣುತ್ತಿತ್ತು. ಒಂದು ಗಳಿಗೆ ಮೇಷ್ಟ್ರಿಗೂ ಕಂಡಿತು. ಇದ್ದೀತೇನೋ, ನಾನೇ ಮರೆತಿದ್ದೇನೇನೋ ಎನ್ನಿಸಿ, ಅದು ಎಷ್ಟು ಹಾಯೆನಿಸಿತೆಂದರೆ ಹೆದರಿಕೆಯಾಯಿತು.

“ಹಾಗಾದ್ರೆ ಆ ಹಾಳೆಗಳು ಎಲ್ಲಿ ಹೋದ್ವು ಅಂತ ಬರೆಯೋದು?” ಎಂದರು.

“ನೀನು ಮನೆಗೆ ತಂದಿದ್ದೆ. ಬಿಡಿ ಹಾಳೆಗಳು, ಜೋಪಾನ ಮಾಡೋಕೆ ತಂದಿದ್ದೆ. ಹೋದ ವರ್ಷ ಪ್ರವಾಹ ಬಂತಲ್ಲ, ತೊಳ್ಕೊಂಡು ಹೋಯ್ತು. ಊರಿಗೆ ಊರೇ ಸಾಕ್ಷಿ.” ಯಿನ್ ಬೋಲಿನ್ ಇಷ್ಟು ಹೇಳಿ, ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು. “ನೀರಿನ ಪುಟವನ್ನ ನೀರೇ ತಗೊಂಡ್ಹೋಯ್ತು. ಇದಕ್ಕಿಂತ ಸಾಕ್ಷಿ ಏನು ಬೇಕು ಅವಳಿಗೆ? ಬರಿ ಬರಿ, ನಾನು ಹೇಳ್ತೀನಿ.”

ಬರೆಯಲು ಕೂತರು. ‘ಹಾಳೆಗಳು ಬಹುಶಃ ಪ್ರವಾಹದಲ್ಲಿ ಕೊಚ್ಚಿಹೋದವು’ ಎಂದು ಮೇಷ್ಟ್ರು ಬರೆದರೆ, ಯಿನ್ ಬೋಲಿನ್ ಕೆಂಪು ಪೆನ್ಸಿಲಿನಿಂದ ‘ಬಹುಶಃ’ ಹೊಡೆದರು. “ಪ್ರವಾಹ ಬಹುಶಃ ಅಂತ ಒಯ್ಯಲ್ಲ ಮಾರಾಯ, ಒಯ್ಯೋದಾದ್ರೆ ಒಯ್ಯುತ್ತೆ.” ಕರಡಿನ ಕೆಳಗೆ ಠೀವಿಯಿಂದ ಸಹಿ ಹಾಕಿದರು. ಹಾಕಿ, ಪೆನ್ನಿನ ಮುಚ್ಚಳ ಮುಚ್ಚುವಾಗ, ಬೇರೆ ಕಡೆ ನೋಡುತ್ತ ಕೇಳಿದರು: “ಹೆಸರು ತೆಗೆಯಲ್ಲ ಅಲ್ವಾ? ಕಲ್ಲಲ್ಲಿ ಕೆತ್ತಿಸಿಬಿಟ್ಟಿದೀನಿ ನೋಡು.”

“ತೆಗೆಯಲ್ಲ” ಎಂದರು ಮೇಷ್ಟ್ರು.

ಸಂಜೆ ಮನೆಯಲ್ಲಿ ಅವರು ಕಾಗದವನ್ನು ಶುದ್ಧ ಪ್ರತಿ ಮಾಡುತ್ತ ಕೂತಿದ್ದರು. ಹೆಂಡತಿ ಸೂಹ್ವಾ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕಾಲಿಟ್ಟುಕೊಂಡು, ಫ್ಲಾಸ್ಕಿನಿಂದ ಚೂರುಚೂರೇ ಬಿಸಿನೀರು ಬೆರೆಸಿಕೊಳ್ಳುತ್ತ, ಹುದುಗಿಸಿದ ಹುರುಳಿಯ ಡಬ್ಬದ ಮುಚ್ಚಳ ಬಿಗಿಮಾಡುತ್ತಿದ್ದಳು. ಆಕೆ ಮೂವತ್ತೊಂದು ವರ್ಷ ಶಾಲೆಯ ಬಿಸಿನೀರಿನ ಕೋಣೆಯಲ್ಲಿ ದುಡಿದವಳು. ನಾನೂರು ಹುಡುಗರ ಫ್ಲಾಸ್ಕುಗಳಿಗೆ ದಿನಕ್ಕೆ ಮೂರು ಹೊತ್ತು ಕುದಿವ ನೀರು ಹಿಡಿದುಕೊಟ್ಟವಳು. ಮುಂಗೈಯಲ್ಲಿ ಇವತ್ತಿಗೂ ಸುಟ್ಟ ಗುರುತುಗಳಿವೆ. ನೀರಿನ ಏಳು ಅರ್ಥಗಳನ್ನು ಕೇಳಿದಾಗೆಲ್ಲ ಆಕೆ ಹೇಳುವುದು ಒಂದೇ: “ಕುದ್ದಿದೆಯೋ ಇಲ್ವೋ ಅನ್ನೋದನ್ನ ಬರೆದಿದೀಯಾ ಅದ್ರಲ್ಲಿ?”

“ಯಾರಿಗೆ ಕಾಗದ? ಊಟ ಬಿಟ್ಟು ಬರೀತಿದೀಯ.”

“ನಿಘಂಟಿನೋರಿಗೆ. ಒಂದು ಸಣ್ಣ ಸಮಜಾಯಿಷಿ.”

“ಓದು ನೋಡೋಣ.”

ಮೇಷ್ಟ್ರಿಗೆ ತಾವು ಬರೆದದ್ದನ್ನು ಯಾರಾದರೂ ಓದು ಅಂದರೆ ಆಗುವುದೇ ಇಲ್ಲ ಎನ್ನುವ ಶಕ್ತಿ ಇರಲಿಲ್ಲ. ಓದಿದರು. ‘ಸದರಿ ಬಿಡಿ ಹಾಳೆಗಳನ್ನು ನಾನು ಮನೆಯಲ್ಲಿ ಜೋಪಾನವಾಗಿಟ್ಟಿದ್ದೆ. ಕಳೆದ ವರ್ಷದ ಪ್ರವಾಹದಲ್ಲಿ ಅವು ಕೊಚ್ಚಿಹೋದವು’ ಎಂಬಲ್ಲಿಗೆ ಬಂದಾಗ ನೀರಿನ ಸದ್ದು ನಿಂತಿತು.

“ಏನು ಕೊಚ್ಚಿಹೋಯ್ತು?”

“ಹಾಳೆಗಳು.”

“ಯಾವ ಹಾಳೆ?”

ಮೇಷ್ಟ್ರು ಪೆನ್ನಿನ ಮುಚ್ಚಳ ಹುಡುಕತೊಡಗಿದರು.

“ಲಾವೊ ಕ್ವಾಂಗ್, ನನ್ನ ಕಡೆ ನೋಡು. ಆವತ್ತು ನೀನೆಲ್ಲಿದ್ದೆ? ಶಾಲೆ ಮಾಳಿಗೆ ಮೇಲೆ ನಿಂತು, ‘ಪೆಟ್ಟಿಗೆ, ಪೆಟ್ಟಿಗೆ’ ಅಂತ ಕಿರುಚ್ತಿದ್ದೆ. ಎದೆವರೆಗೆ ನೀರಲ್ಲಿ ನಿಂತಿದ್ದೋಳು ನಾನು. ಅರವತ್ತೊಂದು ವರ್ಷ ನನಗೆ. ನಿನ್ನ ಕಾಗದದ ಪೆಟ್ಟಿಗೆ ಏಳಿದ್ವು, ಏಳನ್ನೂ ತಲೆ ಮೇಲೆ ಇಟ್ಕೊಂಡು ಮೆಟ್ಟಿಲು ಹತ್ತಿಸ್ದೆ. ನನ್ನ ತವರಿನ ಹತ್ತಿ ರಜಾಯಿ ಹೋಯ್ತು, ಅಕ್ಕಿ ಗುಡಾಣ ಹೋಯ್ತು, ಅಮ್ಮನ ಒಂದೇ ಒಂದು ಫೋಟೋ ಇತ್ತು, ಅದೂ ಹೋಯ್ತು. ನಿಂದು ಒಂದು ಚೂರು ಕಾಗದ ನೆನೆದಿತ್ತಾ? ಹೇಳು, ನೆನೆದಿತ್ತಾ?”

“ಇಲ್ಲ.”

“ಮತ್ತೆ? ನಾನು ಬಿಟ್ಟು ಬಂದೆ ಅಂತ ಊರೂರಿಗೆ ಬರೆದು ಕಳಿಸ್ತೀಯಾ?”

ಮೇಷ್ಟ್ರಿಗೆ ಅದು ಹೊಳೆದೇ ಇರಲಿಲ್ಲ. ಪ್ರವಾಹ ಅಂದರೆ ಅವರ ಪಾಲಿಗೆ ಬಳಕೆಗೆ ಬಂದ ಒಂದು ನೆಪ; ಅದರಲ್ಲಿ ಒಬ್ಬಳು ನಿಂತಿದ್ದಳೆಂಬುದು ಮರೆತೇಹೋಗಿತ್ತು. ಅವರು ನಡೆದದ್ದನ್ನೆಲ್ಲ ಹೇಳಿದರು. ಹರಿದ ಕಾದಂಬರಿ, ಇಲ್ಲದ ಪುಟ, ಯಿನ್ ಬೋಲಿನ್‌ರ ಸಹಿ, ಕಲ್ಲು, ಎಲ್ಲವನ್ನೂ. ಹೇಳದೆ ಬಿಟ್ಟದ್ದು ಒಂದೇ.

“ಅಂಥಾ ಯಾವ ಘನಂದಾರಿ ವಾಕ್ಯ ಅದು?” ಎಂದು ಸೂಹ್ವಾ ಅದನ್ನೇ ಕೇಳಿದಳು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಅದನ್ನು ತಮ್ಮ ಭಾಷೆಯಲ್ಲಿ ಹೇಳಿದರು. ಪ್ರತಿ ಸಂಜೆ ಅವಳು ಅವನ ಕಾಲಿಗೆಂದು ನೀರು ಬಿಸಿಯಾಗಿಡುತ್ತಾಳೆ. ಹೇಳಿ ಮುಗಿದ ಮೇಲೆ, ತರಗತಿಯಲ್ಲಿ ಕಿಟಕಿಯಾಚೆ ನೋಡುವ ಹುಡುಗನ ಹಾಗೆ ಬಾಗಿಲ ಕಡೆ ನೋಡಿದರು.

“ಅವಳು ಯಾರು?”

“ನೀನೇ ಕಣೆ.”

ಸೂಹ್ವಾ ಫ್ಲಾಸ್ಕಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು. ನಾಚಿಕೊಳ್ಳಬಹುದು, ಇಲ್ಲ ಬೈಯಬಹುದು ಎಂದು ಮೇಷ್ಟ್ರು ಎರಡಕ್ಕೂ ಸಿದ್ಧರಾಗಿದ್ದರು. ಆಕೆ ಎರಡನ್ನೂ ಮಾಡಲಿಲ್ಲ.

“ಆ ನಾಲ್ಕು ವರ್ಷ ನೀನು ಊರಲ್ಲೇ ಇರಲಿಲ್ಲ. ಯಾರ ಕಾಲಿಗೆ ಇಡಲಿ? ಹಬ್ಬಕ್ಕೂ ಬರಲ್ಲ ಅಂತ ಕಾಗದ ಬಂದ ದಿನ ನಿನ್ನ ಫ್ಲಾಸ್ಕನ್ನ ಗೇಟಿನ ಕಾವಲಿನವನಿಗೆ ಕೊಟ್ಟುಬಿಟ್ಟೆ. ನಾನೂರು ಜನಕ್ಕೆ ನೀರು ಹಿಡಿದು ಮನೆಗೆ ಬಂದ್ರೆ, ನನ್ನ ಕಾಲಿಗೇ ಬಿಸಿ ಮಾಡೋಕೆ ಕೈ ಏಳ್ತಿರಲಿಲ್ಲ. ತಣ್ಣೀರಲ್ಲೇ ತೊಳ್ಕೊಂಡು ಮಲಗ್ತಿದ್ದೆ.”

“ಇಟ್ಟಿರ್ತೀಯ ಅಂದ್ಕೊಂಡಿದ್ದೆ.”

“ಅಂದ್ಕೊಂಡಿದ್ದೆ” ಎಂದಳು ಸೂಹ್ವಾ, ಗಂಡನ ಮಾತನ್ನು ಹಾಗೇ ವಾಪಸು ಕೊಟ್ಟಂತೆ. ಕಾಲು ಒರೆಸಿಕೊಂಡು ಎದ್ದು, ತೊಟ್ಟಿಯ ನೀರು ಹೊರಗೆ ಚೆಲ್ಲಿದಳು. ಬಾಗಿಲಲ್ಲಿ ನಿಂತು ತಿರುಗದೆಯೇ ಹೇಳಿದಳು: “ಇಂಗ್ಲಿಷರಿಗೆ ಏನಾದ್ರೂ ಬರ್ಕೋ. ಆ ಪ್ರವಾಹ ಮಾತ್ರ ತೆಗಿ.”

ಮೇಷ್ಟ್ರು ಬೆಳಗಿನವರೆಗೆ ಹೊರಳಾಡಿದರು. ತಮ್ಮ ಜೀವಮಾನದ ಒಂದೂಕಾಲು ಕಾಲಮ್ಮಿನಲ್ಲಿ ಇಂಗ್ಲಿಷರದಲ್ಲದ ಒಂದೇ ಒಂದು ವಾಕ್ಯವಿತ್ತು, ತಮ್ಮದೇ ಆದದ್ದು. ಅದೂ ನಿಜವಲ್ಲ. ಪ್ರಧಾನ ಸಂಪಾದಕರು ಹೇಳಿದ ಬೆಳ್ಳುಳ್ಳಿ ವಾಸನೆ ಅವರಿಗೆ ಈಗ ಮೂಗಿಗೆ ಬಡಿಯಿತು. ಆದರೆ ಅದು ಭಾಷೆಯದಾಗಿರಲಿಲ್ಲ.

ಬೆಳಿಗ್ಗೆ ಯಿನ್ ಬೋಲಿನ್‌ರ ಸಹಿ ಇದ್ದ ಕರಡನ್ನೂ ಶುದ್ಧ ಪ್ರತಿಯನ್ನೂ ಒಲೆಗೆ ಹಾಕಿದರು. ಹೊಸ ಕಾಗದದಲ್ಲಿ ಬರೆದರು: ವಾಕ್ಯ ನಾನೇ ಕಟ್ಟಿದ್ದು. ಇನ್ನೂರ ಹನ್ನೆರಡನೆಯ ಪುಟ ಎಂದೂ ಇರಲಿಲ್ಲ. ಇಲ್ಲಿಗೆ ನಿಜ ಮುಗಿಯಿತು. ಇನ್ನು ಗೆಳೆಯನ ಕಲ್ಲು ಉಳಿಯಬೇಕಲ್ಲ? ಅದಕ್ಕೆ ಸ್ವಲ್ಪ ಸುಳ್ಳು ಬೇಕಿತ್ತು. ಮುಂದುವರಿಸಿದರು: ಕಾಮ್ರೇಡ್ ಯಿನ್ ಬೋಲಿನ್ ಪುಸ್ತಕ ತೆರೆದು ನೋಡಿದ್ದು ಖಂಡಿತ. ಆದರೆ ನಾನು ಟೈಪು ಮಾಡಿದ ಹಾಳೆಯೊಂದನ್ನು ಪುಸ್ತಕದ ಕೊನೆಗೆ ಅಂಟಿಸಿ ಅವರಿಗೆ ಮೋಸ ಮಾಡಿದೆ, ಅವರದೇನೂ ತಪ್ಪಿಲ್ಲ. ಎರಡು ಸಲ ಓದಿದರು. ಸುಳ್ಳು ಭಾಗವೇ ಹೆಚ್ಚು ನಂಬುವಂತಿತ್ತು. ಯಾರಿಗೂ ಹೇಳದೆ ಅಂಚೆಗೆ ಹಾಕಿದರು.

ಉತ್ತರ ಬಂದಾಗ ಚಳಿ ಶುರುವಾಗಿತ್ತು. ಸಂಪಾದಕಿ ಝುವಾಂಗ್ ಮರ್ಯಾದೆಯಿಂದಲೇ ಬರೆದಿದ್ದಳು. ತಮ್ಮ ಪ್ರಾಮಾಣಿಕತೆಗೆ ಕೃತಜ್ಞರು. ನಿಯಮದಂತೆ ತಮ್ಮ ಹೆಸರನ್ನು ಪಟ್ಟಿಯಿಂದ ಕೈಬಿಡಲಾಗಿದೆ. ವಾಕ್ಯದ ಜಾಗದಲ್ಲಿ ‘ದಯವಿಟ್ಟು ಒಂದು ಲೋಟ ತಣ್ಣೀರು’ ಎಂಬುದನ್ನು ಹಾಕಲಾಗಿದೆ. ಮೋಸಕ್ಕೊಳಗಾದ ಪರಿಶೀಲಕರ ಹೆಸರು ಇರುತ್ತದೆ. ಇಂಥ ಕಚೇರಿಗಳಿಗೆ ಒಂದು ಒಳ್ಳೆಯ ಅಭ್ಯಾಸವುಂಟು: ಸಂಬಂಧಪಟ್ಟ ಎಲ್ಲರಿಗೂ ಒಂದೊಂದು ಪ್ರತಿ.

ಯಿನ್ ಬೋಲಿನ್ ತಮ್ಮ ಪ್ರತಿ ಹಿಡಿದುಕೊಂಡು ಬಾಗಿಲು ದಬ್ಬಿದರು.

“ಮೋಸಕ್ಕೊಳಗಾದ ಪರಿಶೀಲಕ! ಓದು, ಓದು, ನನ್ನ ಹೆಸರಿನ ಹಿಂದೆ ಏನು ಅಂಟಿಸಿದಾರೆ ನೋಡು! ಅಂಟಿಸಿದ ಹಾಳೆ, ಟೈಪು ಮಾಡಿದ ಹಾಳೆ, ಅದು ನನ್ನ ಕಣ್ಣಿಗೆ ಬೀಳಲಿಲ್ವಂತೆ. ನಾನು ಕುರುಡನೇನಯ್ಯಾ?”

“ನಿನ್ನ ಹೆಸರು ಉಳೀತಲ್ಲ ಲಾವೊ ಯಿನ್.”

“ಹೀಗೆ ಉಳಿಯೋದಕ್ಕಿಂತ ಹೋಗಿದ್ರೇ ಸರಿಯಿತ್ತು! ಪುಟ ಇತ್ತು, ನಾನು ನೋಡಿದೀನಿ. ಸುಮ್ನೆ ಒಪ್ಕೊಂಡು ದೊಡ್ಡ ಮನುಷ್ಯ ಆಗೋಕೆ ಹೊರಟಿದೀಯ ನೀನು. ನಾಲ್ಕನೇ ಸಾಲು! ಟೀ ಕಲೆ!”

ಮೇಷ್ಟ್ರಿಗೂ ಸೈರಣೆ ಹರಿಯಿತು. ಹೆಸರು ಕಳೆದುಕೊಂಡವನು ತಾನು, ಕೂಗಾಡುತ್ತಿರುವವನು ಇವನು. “ಮತ್ತೇನಂತ ಬರೀಬೇಕಿತ್ತು? ನೋಡದೇ ಸಹಿ ಹಾಕಿದ ಅಂತ ಬರೀಬೇಕಿತ್ತಾ?”

ಯಿನ್ ಬೋಲಿನ್ ಕಿವಿಯ ಮೇಲಿನ ಪೆನ್ಸಿಲು ಜಾರಿ ಬಿದ್ದದ್ದನ್ನೂ ನೋಡದೆ ಹೊರಟುಹೋದರು. ಮಾರನೆಯ ದಿನದಿಂದ ನದಿಗೋಡೆಯ ಹತ್ತಿರ ಬರುವುದನ್ನು ನಿಲ್ಲಿಸಿದರು. ಚದುರಂಗದ ಪೆಟ್ಟಿಗೆ ಮೇಷ್ಟ್ರ ಬಳಿಯೇ ಉಳಿಯಿತು. ಆ ಚಳಿಗಾಲವೆಲ್ಲ ಅವರು ಎರಡೂ ಕಡೆಯ ಕಾಯಿಗಳನ್ನು ತಾವೇ ನಡೆಸಿದರು. ಯಾವ ಕಡೆ ಆಡಿದರೂ ಸೋಲುವವರು ತಾವೇ ಎಂದು ಕಂಡುಬಂತು.

ಊರಿಗೆ ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಶ್ಯಾವಿಗೆ ಅಂಗಡಿಯವನು ಬಟ್ಟಲು ಇಡುತ್ತ, “ಮೇಷ್ಟ್ರೇ, ಇದರ ಸಾರು ನಾನೇ ಕಟ್ಟಿದ್ದು, ಯಾವ ಪುಸ್ತಕದ್ದೂ ಅಲ್ಲ, ಪರವಾಗಿಲ್ವಾ?” ಎಂದ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕು, ಅರ್ಧ ತಿಂದು ಎದ್ದರು. ಕೊಳಾಯಿ ಸೋರುತ್ತಿದೆ ಎಂದು ಯಾರೋ ಹೊಸಬರು ಬಂದಾಗ, ನೀರು ಸರಬರಾಜಿನ ಕಚೇರಿ ಎಲ್ಲಿದೆಯೆಂದು ದಾರಿ ತೋರಿಸಿದರು. ಅಷ್ಟೇ ಹೇಳಿದರು.

ವಸಂತದಲ್ಲಿ ಹಿರಿಯರ ಗೋರಿ ಗುಡಿಸುವ ಚಿಂಗ್‌ಮಿಂಗ್ ದಿನ ಬಂತು. ಸೂಹ್ವಾಳ ತಾಯಿಯ ಗೋರಿ ಗುಡ್ಡದ ಮೇಲ್ಗಡೆ. ಕಾಗದದ ಕಾಸು, ಊದುಬತ್ತಿ, ಬೇಯಿಸಿದ ಮೊಟ್ಟೆ, ಒಂದು ಫ್ಲಾಸ್ಕು ಬಿಸಿನೀರು, ಕೊಡೆ ಹಿಡಿದು ಗಂಡ ಹೆಂಡತಿ ಹತ್ತಿದರು. ಯಿನ್‌ರ ಗೋರಿಯ ಹತ್ತಿರ ಬಂದಾಗ ಮೇಷ್ಟ್ರ ಕಾಲು ತಾನಾಗಿಯೇ ನಿಂತಿತು.

ಯಿನ್ ಬೋಲಿನ್ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಬಕೆಟ್ಟು, ಕರಣೆ. ಹೆಂಡತಿಯ ಕಪ್ಪು ಹೆಸರು ಇದ್ದಂತೆಯೇ ಇತ್ತು. ತಮ್ಮ ಕೆಂಪು ಹೆಸರೂ ಇತ್ತು. ಅದರ ಮೇಲಿದ್ದ ಸಾಲಿನ ಜಾಗದಲ್ಲಿ ಹಸಿ ಸಿಮೆಂಟಿನ ಪಟ್ಟಿ. ಗಾರೆ ಕೆಲಸ ಅವರಿಗೆ ಬರುತ್ತಿರಲಿಲ್ಲವೆಂದು ನೋಡಿದರೆ ಗೊತ್ತಾಗುತ್ತಿತ್ತು. ಕಲ್ಲಿನ ತುಂಬ ಬೆರಳಿನ ಗುರುತು.

“ಇದೇನು ಮಾಡಿದೆ ಲಾವೊ ಯಿನ್? ಪಟ್ಟಿಯಲ್ಲಿ ನಿನ್ನ ಹೆಸರಿದೆ, ಹೊಸ ನಿಘಂಟು ಬಂದಿದೆ, ನಾನು ನೋಡಿದೀನಿ.”

“ಇದೆ. ನಾನೂ ನೋಡಿದೆ. ಮೂವತ್ತೊಂದನೇದು. ನೀನು ಹೋದಮೇಲೆ ಒಂದು ಮೇಲಕ್ಕೆ ಹತ್ತಿದೀನಿ.” ಅವರು ಕರಣೆಯ ಮೇಲಿನ ಸಿಮೆಂಟನ್ನು ಹುಲ್ಲಿಗೆ ಒರೆಸಿದರು. “ಕೂತ್ಕೊ. ಒಂದು ಹೇಳ್ಬೇಕು.”

ಮೇಷ್ಟ್ರು ಕೂತರು. ಸೂಹ್ವಾ ಮುಂದೆ ಹೋಗದೆ, ಚೂರು ದೂರದಲ್ಲಿ ಬುಟ್ಟಿ ಇಳಿಸಿದಳು.

“ಆವತ್ತು ಹಬ್ಬದ ಹಿಂದಿನ ದಿನ. ನನ್ನ ಮುಂದೆ ತೊಂಬತ್ತು ಕಾರ್ಡು ಇದ್ವು. ಬೆರಳು ಮರಗಟ್ಟಿ ಪುಟ ತಿರುವೋಕೇ ಆಗ್ತಿರಲಿಲ್ಲ. ನಿನ್ನ ಕಾರ್ಡು ಬಂತು. ಓದಿದೆ. ಕಾಲಿಗೆ ನೀರು ಬಿಸಿಯಾಗಿಡ್ತಾಳೆ ಅಂತ. ಇವಳು ಆಗ ಊರಲ್ಲಿ ಒಬ್ಬಳೇ ಇದ್ಲು.” ಕಪ್ಪು ಹೆಸರಿನ ಕಡೆ ಗದ್ದ ತೋರಿಸಿದರು. “ಇದಕ್ಕೆ ಪುಸ್ತಕ ತೆಗೆದು ನೋಡೋದೇನಿದೆ ಅನ್ನಿಸ್ತು. ಸಹಿ ಹಾಕಿದೆ. ಅದರ ಹಿಂದಿನವಕ್ಕೂ ಹಾಕಿದೆ. ತೊಂಬತ್ತಕ್ಕೂ ಹಾಕಿ, ಕೈ ಬಗಲಲ್ಲಿ ಇಟ್ಕೊಂಡು ಕೂತೆ.”

“ಟೀ ಕಲೆ?”

“ಅದು ಆಮೇಲೆ ಬಂತು. ಎಲ್ಲಿಂದ ಬಂತೋ ಗೊತ್ತಿಲ್ಲ.” ಯಿನ್ ಬೋಲಿನ್ ತಲೆ ಎತ್ತಲಿಲ್ಲ. “ಈಗಲೂ ಕಾಣುತ್ತೆ ಕಣೋ ನನಗೆ. ನೋಡಿಲ್ಲ ಅಂತ ಗೊತ್ತಿದ್ರೂ ಕಾಣುತ್ತೆ. ಬಾಕಿ ಎಂಬತ್ತೊಂಬತ್ತರಲ್ಲಿ ಏನೇನಿದೆಯೋ. ಮಕ್ಕಳು ಬಾಯಿಪಾಠ ಮಾಡ್ತಿದಾರೆ.”

ಮೇಷ್ಟ್ರಿಗೆ ಆ ವಾಕ್ಯ ಸುಳ್ಳೆಂದು, ತಮ್ಮ ಮನೆಯಲ್ಲೇ ಸುಳ್ಳೆಂದು ಹೇಳಬೇಕೆನಿಸಿತು. ಹೆಂಡತಿಯ ಕಡೆ ನೋಡಿದರು. ಸೂಹ್ವಾ ಕಪ್ಪು ಹೆಸರಿನ ಕಲ್ಲನ್ನೇ ನೋಡುತ್ತ ನಿಂತಿದ್ದಳು. ಮೇಷ್ಟ್ರು ಬಾಯಿ ಮುಚ್ಚಿಕೊಂಡರು.

ಸೂಹ್ವಾ ಬಂದು ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಯಿನ್ ಬೋಲಿನ್‌ರ ಮುಂದೆ ಹಿಡಿದಳು. “ಕೈ ತೊಳ್ಕೊಳ್ಳಿ ಮೊದ್ಲು ಯಿನ್ ಮೇಷ್ಟ್ರೇ. ಸಿಮೆಂಟು ಚರ್ಮ ತಿನ್ನುತ್ತೆ.”

ಅವರು ಕೈಯೊಡ್ಡಿದರು. ಬಿಸಿ ನೀರಿಗೆ ಬೆರಳುಗಳು ಒಮ್ಮೆ ಹಿಂದೆ ಸರಿದು ಮತ್ತೆ ಬಂದವು. ಬೂದು ನೀರು ಹುಲ್ಲಿನ ಮೇಲೆ ಹರಿಯಿತು.

“ಮೂರು ದಿನ ಒಣಗಬೇಕಂತೆ ಇದು” ಎಂದರು ಯಿನ್ ಬೋಲಿನ್, ಪಟ್ಟಿಯನ್ನು ನೋಡುತ್ತ. “ಅಲ್ಲೀತನಕ ಮಳೆ ಬರಬಾರದು.”

ಚಿಂಗ್‌ಮಿಂಗ್‌ನಲ್ಲಿ ಮಳೆ ಬರದ ವರ್ಷವನ್ನು ಲಿನ್‌ಕೌನಲ್ಲಿ ಯಾರೂ ಕಂಡಿಲ್ಲ. ಮೇಷ್ಟ್ರು ನದಿಯಾಚೆ ನೋಡಿದರು. ಆಕಾಶ ಆಗಲೇ ಕಪ್ಪಿಟ್ಟಿತ್ತು. ಅವರು ತಮ್ಮ ಕೊಡೆ ಬಿಚ್ಚಿ, ಕಲ್ಲಿನ ಮೇಲೆ ಹಿಡಿದು ನಿಂತರು.